ಹಳದಿ-ಕೆಂಪು ಅಂಗಿಯ ಮೆಕೆಲೆನ್: 1987-88ರ ಆ ಒಂದು ಸೀಸನ್

ಬೆಲ್ಜಿಯಂ ಫುಟ್‌ಬಾಲ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹಜಾರ್ಡ್, ಡಿ ಬ್ರೂಯ್ನೆ, ಲುಕಾಕು, ಗೋಲ್‌ಕೀಪರ್ ಕೋರ್ಟ್ವಾ. 2022ರ ವಿಶ್ವಕಪ್‌ನಲ್ಲಿ ಇದೇ ದೋಹಾದ ಅಲ್ ತುಮಾಮ ಸ್ಟೇಡಿಯಂನಲ್ಲಿ ಮೊರಾಕ್ಕೊ ಅವರನ್ನು 2-0 ಗೋಲುಗಳಿಂದ ಸೋಲಿಸಿದಾಗ ರೂಮಿನಲ್ಲಿ ಟಿವಿ ಮುಂದೆ ಕೂತು ಕೂಗಾಡಿದವರು ನಾವೇ. ಆದ್ರೆ ದೇಶದ ತಂಡದ ಕಥೆ ಬೇರೆ, ಕ್ಲಬ್ಬುಗಳ ಕಥೆ ಬೇರೆ. ಆ ದೇಶದ ಕ್ಲಬ್ಬುಗಳು ಯುರೋಪಿನಲ್ಲಿ ಕಪ್ ಗೆದ್ದು ಈಗ ಮೂವತ್ತೈದು ವರ್ಷಕ್ಕೂ ಮೇಲಾಯಿತು. ಕೊನೆಯದಾಗಿ ಗೆದ್ದದ್ದು ಬ್ರಸೆಲ್ಸಿನ ದೊಡ್ಡ ಕ್ಲಬ್ ಆಂಡರ್‌ಲೆಕ್ಟ್ ಅಲ್ಲ, ಕ್ಲಬ್ ಬ್ರೂಗ್ ಕೂಡ ಅಲ್ಲ. ಮೆಕೆಲೆನ್ ಅನ್ನೋ ಒಂದು ಸಣ್ಣ ಊರಿನ ಕ್ಲಬ್. ಅದೂ ಯುರೋಪ್ ಟೂರ್ನಿಗೆ ಕಾಲಿಟ್ಟ ಮೊದಲ ವರ್ಷವೇ.

ಮೆಕೆಲೆನ್ ಇರೋದು ಬ್ರಸೆಲ್ಸ್ ಮತ್ತು ಆಂಟ್‌ವರ್ಪ್ ನಡುವೆ. ಆಗ ಅಲ್ಲಿನ ಜನಸಂಖ್ಯೆ ಸುಮಾರು ಎಪ್ಪತ್ತೈದು ಸಾವಿರ, ನಮ್ಮ ಕಡೆಯ ಒಂದು ದೊಡ್ಡ ತಾಲೂಕು ಪಟ್ಟಣದಷ್ಟು ಅಂತ ಇಟ್ಟುಕೊಳ್ಳಿ. ಯುರೋಪಿನ ಮುಖ್ಯಭೂಮಿಯಲ್ಲಿ ಪ್ರಯಾಣಿಕರನ್ನು ಹೊತ್ತ ಮೊದಮೊದಲ ಉಗಿಬಂಡಿ ರೈಲುಗಳಲ್ಲಿ ಒಂದು ಓಡಿದ್ದು 1835ರ ಮೇ 5ರಂದು ಬ್ರಸೆಲ್ಸಿನಿಂದ ಈ ಊರಿಗೇ. ಅಲ್ಲಿಯ ಜನಕ್ಕೆ ಒಂದು ಅಡ್ಡಹೆಸರು ಇದೆ, 'ಚಂದ್ರನನ್ನು ಆರಿಸುವವರು' ಅಂತ. 1687ರ ಒಂದು ರಾತ್ರಿ ಕುಡಿದು ಹೊರಬಂದ ಒಬ್ಬ ಸೇಂಟ್ ರಂಬೋಲ್ಡ್ ಚರ್ಚಿನ ಗೋಪುರ ಕೆಂಪಗಿರೋದು ನೋಡಿ ಬೆಂಕಿ ಬೆಂಕಿ ಅಂತ ಕೂಗಿದನಂತೆ. ಊರಿಗೆ ಊರೇ ಎದ್ದು, ಮೆಟ್ಟಿಲ ಮೇಲೆ ಸಾಲಾಗಿ ನಿಂತು ಬಕೆಟ್‌ಗಳಲ್ಲಿ ನೀರು ಸಾಗಿಸಿದರು. ಮೇಲೆ ಮುಟ್ಟುವ ಹೊತ್ತಿಗೆ ಚಂದ್ರ ಮೋಡದ ಹಿಂದೆ ಸರಿದ, ಬೆಂಕಿ ತಾನಾಗಿ 'ಆರಿತು'. ಅಕ್ಕಪಕ್ಕದ ಊರಿನವರು ಇವತ್ತಿಗೂ ಅದನ್ನೇ ಹೇಳಿ ನಗುತ್ತಾರೆ. ಈ ಊರಿನವರೂ ಈಗ ಆ ಹೆಸರನ್ನು ಖುಷಿಯಿಂದಲೇ ಹೇಳಿಕೊಳ್ಳುತ್ತಾರೆ.

ಕ್ಲಬ್ ಶುರುವಾದದ್ದು 1904ರಲ್ಲಿ. ಅವರ ಬಣ್ಣ ಹಳದಿ ಮತ್ತು ಕೆಂಪು, ಉದ್ದುದ್ದ ಪಟ್ಟಿ. ನಾನು ಮೊದಲ ಸಲ ಆ ಪಂದ್ಯದ ಹಳೇ ವಿಡಿಯೊ ನೋಡಿದಾಗ ಗ್ಯಾಲರಿ ತುಂಬ ಹಳದಿ-ಕೆಂಪು ಬಾವುಟ ಕಂಡು ಒಂದು ಕ್ಷಣ ನವೆಂಬರ್ ಒಂದರ ಮೆರವಣಿಗೆ ಅನಿಸಿತು! ಸಂಬಂಧ ಏನೂ ಇಲ್ಲ, ಬರೀ ಕಾಕತಾಳೀಯ. ಆದ್ರೂ ಆ ಕ್ಲಬ್ಬಿನ ಕಥೆ ಹುಡುಕಿಕೊಂಡು ಹೋಗಲು ನನಗೆ ಅದೇ ನೆಪ ಆಯಿತು. ಅವರ ಮೈದಾನದ ಹೆಸರೂ ಸರಳ, 'ಬ್ಯಾರಕ್ ಹಿಂದುಗಡೆ' ಅಂತ. ಮಿಲಿಟರಿ ಬ್ಯಾರಕ್ಕಿನ ಹಿಂದೆ ಇದ್ದದ್ದಕ್ಕೆ ಆ ಹೆಸರು.

1940ರ ದಶಕದಲ್ಲಿ ಮೂರು ಸಲ (1943, 1946, 1948) ಬೆಲ್ಜಿಯಂ ಲೀಗ್ ಗೆದ್ದಿದ್ದ ಕ್ಲಬ್ ಇದು. ಆಮೇಲೆ ಸುಮಾರು ನಲವತ್ತು ವರ್ಷ ಏನೂ ಇಲ್ಲ. ಮೇಲಿನ ದರ್ಜೆ, ಕೆಳಗಿನ ದರ್ಜೆ ಅಂತ ಏರುತ್ತ ಇಳಿಯುತ್ತ ಇತ್ತು. 1980ರ ದಶಕದ ಮೊದಲಲ್ಲಿ ಜಾನ್ ಕಾರ್ಡಿಯರ್ ಅನ್ನೋ ವ್ಯಾಪಾರಿ ಅಧ್ಯಕ್ಷರಾಗಿ ಬಂದರು. ಅವರು 1969ರಲ್ಲಿ ಟೆಲಿಂಡಸ್ ಅನ್ನೋ ಕಂಪನಿ ಕಟ್ಟಿದವರು. ಟೆಲಿಫೋನ್ ಲೈನಿನ ಮೇಲೆ ಕಂಪ್ಯೂಟರ್ ಮಾಹಿತಿ ಕಳಿಸುವ ಮೋಡೆಮ್, ನೆಟ್‌ವರ್ಕ್ ಉಪಕರಣಗಳ ವ್ಯಾಪಾರ. ಎಂಬತ್ತರ ದಶಕದಲ್ಲಿ ಆಫೀಸುಗಳಿಗೆಲ್ಲ ಕಂಪ್ಯೂಟರ್ ಬರುತ್ತಿದ್ದ ಕಾಲ, ದುಡ್ಡು ಚೆನ್ನಾಗಿ ಬಂತು. ಆಟಗಾರರ ಅಂಗಿಯ ಮೇಲೆ ಇದ್ದದ್ದು ಅದೇ ಕಂಪನಿ ಹೆಸರು.

ದುಡ್ಡು ಇದ್ದ ಮಾತ್ರಕ್ಕೆ ತಂಡ ಆಗಲ್ಲ. ಕಾರ್ಡಿಯರ್ ಮೊದಲು ತಂದದ್ದು ಒಬ್ಬ ಡಚ್ ಕೋಚ್, ಆಡ್ ಡಿ ಮೋಸ್. ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್ 1985ರಲ್ಲಿ ಕೆಲಸದಿಂದ ತೆಗೆದುಹಾಕಿದ್ದ ಮನುಷ್ಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಗೋಲ್‌ಕೀಪರ್ ಮಿಶೆಲ್ ಪ್ರೂಡೊಮ್ 1986ರಲ್ಲಿ ಲಿಯೇಜಿನ ಸ್ಟ್ಯಾಂಡರ್ಡ್ ಕ್ಲಬ್ ಬಿಟ್ಟು ಬಂದರು. ಅದೇ ವರ್ಷ ಡಿಫೆಂಡರ್ ಲೇ ಕ್ಲೈಸ್ಟರ್ಸ್ ಬಂದು ಮುಂದೆ ಕ್ಯಾಪ್ಟನ್ ಆದರು. ಟೆನಿಸ್ ನೋಡುವವರಿಗೆ ಕಿಮ್ ಕ್ಲೈಸ್ಟರ್ಸ್ ಗೊತ್ತಿರುತ್ತಾರೆ, ಅವರ ತಂದೆ ಇವರು. ಕ್ಲೈಸ್ಟರ್ಸ್ ಅದಕ್ಕೂ ಮೊದಲು ಆಡಿದ್ದು ಲಿಂಬರ್ಗ್ ಕಡೆಯ ವಾಟರ್‌ಸ್ಕೈ ಅನ್ನೋ ಕ್ಲಬ್ಬಿಗೆ. ಅದು ಕಲ್ಲಿದ್ದಲು ಗಣಿಯ ಊರು. ಇಟಲಿಯಿಂದ, ಟರ್ಕಿಯಿಂದ, ಮೊರಾಕ್ಕೊದಿಂದ ಗಣಿ ಕೆಲಸಕ್ಕೆ ಬಂದವರು ಆ ಭಾಗದಲ್ಲಿ ತುಂಬಿದ್ದರು. 1982-83ರಲ್ಲಿ ಆ ಗಣಿ ಊರಿನ ತಂಡ ಯುರೋಪ್ ಕಪ್ ವಿನ್ನರ್ಸ್ ಕಪ್‌ನ ಸೆಮಿಫೈನಲ್‌ವರೆಗೂ ಹೋಗಿತ್ತು. ಈ ಅನುಭವ ಇದ್ದವರು ತಂಡದಲ್ಲಿ ಕ್ಲೈಸ್ಟರ್ಸ್ ಅಂಥ ಕೆಲವರೇ.

ಉಳಿದವರಲ್ಲಿ ಡಚ್ಚರೇ ನಾಲ್ಕು ಜನ: ರುಟ್ಜೆಸ್, ಹಾಫ್ಕೆನ್ಸ್, ಎರ್ವಿನ್ ಕೂಮನ್, ಪೀಟ್ ಡೆನ್ ಬೋರ್. 1987ರಲ್ಲಿ ಜೆರುಸಲೇಮಿನ ಬೇಟಾರ್ ಕ್ಲಬ್ಬಿನಿಂದ ಎಲಿ ಓಹಾನಾ ಬಂದರು, ಇಸ್ರೇಲಿ ಹುಡುಗ, ಮೊರಾಕ್ಕೊ ಮೂಲದ ಯಹೂದಿ ಕುಟುಂಬ. ಇವರ ಜೊತೆಗೆ ಎಮ್ಮರ್ಸ್, ಸ್ಯಾಂಡರ್ಸ್, ಡಿಫರ್ಮ್ ಅಂಥ ಬೆಲ್ಜಿಯನ್ನರು. ಅಂದ್ರೆ ಒಂದು ಸಣ್ಣ ಊರಿನ ಕೆಲಸಕ್ಕೆ ಹೊರಗಿನಿಂದ ಕರೆಸಿಕೊಂಡ ಕೆಲಸಗಾರರ ತಂಡ ಅದು. ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಯಾರೂ ಆಗಿನ ಕಾಲದ ಸೂಪರ್‌ಸ್ಟಾರ್ ಅಲ್ಲ.

1987ರಲ್ಲಿ ಲಿಯೇಜಿನ ಇನ್ನೊಂದು ಕ್ಲಬ್ಬಾದ ಆರ್‌ಎಫ್‌ಸಿ ಲಿಯೇಜನ್ನು ಫೈನಲ್‌ನಲ್ಲಿ 1-0ಯಿಂದ ಸೋಲಿಸಿ ಮೆಕೆಲೆನ್ ಬೆಲ್ಜಿಯನ್ ಕಪ್ ಗೆದ್ದಿತು. ಗೋಲು ಡೆನ್ ಬೋರ್‌ದು. ಅದೇ ವರ್ಷ ಲೀಗ್‌ನಲ್ಲಿ ಆಂಡರ್‌ಲೆಕ್ಟ್‌ಗಿಂತ ಎರಡೇ ಪಾಯಿಂಟ್ ಹಿಂದೆ, ಎರಡನೇ ಸ್ಥಾನ. ಕಪ್ ಗೆದ್ದದ್ದಕ್ಕೆ ಯುರೋಪಿನ ಕಪ್ ವಿನ್ನರ್ಸ್ ಕಪ್‌ಗೆ ಪ್ರವೇಶ ಸಿಕ್ಕಿತು. ಈಗಿನ ಹುಡುಗರಿಗೆ ಈ ಟೂರ್ನಿ ಗೊತ್ತಿರಲ್ಲ, 1999ಕ್ಕೆ ನಿಂತುಹೋಯಿತು. ಪ್ರತಿ ದೇಶದ ನಾಕೌಟ್ ಕಪ್ ಗೆದ್ದ ಕ್ಲಬ್ಬುಗಳು ಆಡುತ್ತಿದ್ದವು. ಈಗಿನ ಚಾಂಪಿಯನ್ಸ್ ಲೀಗ್ ಥರ ಪಾಯಿಂಟ್ ಅಂತ ಏನೂ ಇರಲಿಲ್ಲ. ನಿಮ್ಮೂರಲ್ಲಿ ಒಂದು ಪಂದ್ಯ, ಅವರೂರಲ್ಲಿ ಒಂದು ಪಂದ್ಯ, ಒಟ್ಟು ಗೋಲು ಕಮ್ಮಿ ಆದವರು ಮನೆಗೆ. ಆ ವರ್ಷ ಇಂಗ್ಲಿಷ್ ಕ್ಲಬ್ಬುಗಳು ಇರಲಿಲ್ಲ. 1985ರ ಮೇ 29ರಂದು ಬ್ರಸೆಲ್ಸಿನ ಹೈಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್-ಯುವೆಂಟಸ್ ಫೈನಲ್‌ಗೆ ಮುಂಚೆ ನುಗ್ಗಾಟದಲ್ಲಿ 39 ಜನ ಸತ್ತ ಮೇಲೆ ಅವರ ಮೇಲೆ ನಿಷೇಧ ಇತ್ತು.

ಮೊದಲ ಸುತ್ತಿನಲ್ಲಿ ರೊಮೇನಿಯಾದ ಡೈನಮೊ ಬುಕಾರೆಸ್ಟ್. ಮೆಕೆಲೆನ್‌ನಲ್ಲಿ 1-0, ಬುಕಾರೆಸ್ಟ್‌ನಲ್ಲಿ 2-0. ಎರಡನೇ ಸುತ್ತು ಸ್ಕಾಟ್ಲೆಂಡಿನ ಸೇಂಟ್ ಮಿರೆನ್ ಮೇಲೆ. ತವರಲ್ಲಿ 0-0 ಆದಾಗ ಇಲ್ಲಿಗೆ ಮುಗೀತು ಅಂತಲೇ ಎಷ್ಟೋ ಜನ ಅಂದುಕೊಂಡಿರಬೇಕು. ಆದ್ರೆ ಪೇಸ್ಲಿಗೆ ಹೋಗಿ ಓಹಾನಾ ಎರಡು ಗೋಲು ಹೊಡೆದರು, 2-0. ಚಳಿಗಾಲದ ಬಿಡುವು ಮುಗಿದ ಮೇಲೆ ಕ್ವಾರ್ಟರ್‌ಫೈನಲ್, ಸೋವಿಯತ್ ಒಕ್ಕೂಟದ ಡೈನಮೊ ಮಿನ್ಸ್ಕ್. ಇಲ್ಲಿ 1-0, ಅಲ್ಲಿ 1-1. ಒಂದು ಗೋಲಿನ ಅಂತರದಲ್ಲಿ ಪಾರು.

ಈ ಅಂಕಿ ನೋಡಿ ಬೋರಿಂಗ್ ತಂಡ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಆರು ಪಂದ್ಯಕ್ಕೆ ಒಂದೇ ಗೋಲು ಬಿಟ್ಟುಕೊಟ್ಟಿದ್ದಾರೆ, ಅದೂ ಮಿನ್ಸ್ಕ್‌ನಲ್ಲಿ. ಡಿ ಮೋಸ್ ಅವರ ಲೆಕ್ಕಾಚಾರ ಸರಳ: ಎದುರಾಳಿಯ ಪ್ರತಿ ಮುಂಪಡೆ ಆಟಗಾರನಿಗೆ ನೆರಳಿನ ಹಾಗೆ ಒಬ್ಬ, ಹಿಂದೆ ಎಲ್ಲವನ್ನೂ ನೋಡಿಕೊಳ್ಳಲು ಕ್ಲೈಸ್ಟರ್ಸ್, ಅವರನ್ನೂ ದಾಟಿ ಬಂದರೆ ಪ್ರೂಡೊಮ್. ಚೆಂಡು ಸಿಕ್ಕ ಕೂಡಲೇ ಎಮ್ಮರ್ಸ್, ಕೂಮನ್ ಮೂಲಕ ಮುಂದಕ್ಕೆ, ಎಡಗಡೆ ಓಹಾನಾ ಕಾಲಿಗೆ. ಮುಂದೆ ಡೆನ್ ಬೋರ್ ತಲೆ. ಈ ಪ್ರೂಡೊಮ್ ಅಂದ್ರೆ ಸಾಮಾನ್ಯ ಕೀಪರ್ ಅಲ್ಲ. ಆರು ವರ್ಷದ ನಂತರ 1994ರ ಅಮೆರಿಕ ವಿಶ್ವಕಪ್‌ನಲ್ಲಿ ಅತ್ಯುತ್ತಮ ಗೋಲ್‌ಕೀಪರ್‌ಗೆ ಮೊತ್ತಮೊದಲ ಯಾಶಿನ್ ಪ್ರಶಸ್ತಿ ಕೊಟ್ಟಾಗ ಅದು ಸಿಕ್ಕಿದ್ದು ಇವರಿಗೇ. ಆಗಲೂ ಅವರು ಮೆಕೆಲೆನ್ ಆಟಗಾರನೇ.

ಇಷ್ಟರ ನಡುವೆ ಲೀಗ್ ಬೇರೆ ನಡೀತಾ ಇತ್ತು ಅನ್ನೋದು ಮರೆಯಬಾರದು. 18 ತಂಡ, 34 ಪಂದ್ಯ. ಯುರೋಪ್ ಪಂದ್ಯ ವಾರದ ಮಧ್ಯೆ, ಲೀಗ್ ಪಂದ್ಯ ವಾರಾಂತ್ಯಕ್ಕೆ. ಮಿನ್ಸ್ಕ್‌ನಿಂದ ವಾಪಸ್ ಬಂದವರು ಎರಡು ಮೂರು ದಿನಕ್ಕೆ ಮತ್ತೆ ಮೈದಾನಕ್ಕೆ ಇಳಿಯಬೇಕು. ಈಗಿನ ಹಾಗೆ ಇಪ್ಪತ್ತೈದು ಜನರ ತಂಡ ಇಟ್ಟುಕೊಂಡು ಅದಲುಬದಲು ಮಾಡೋ ಕಾಲ ಅಲ್ಲ, ಹೆಚ್ಚುಕಡಿಮೆ ಅವರೇ ಹದಿನಾಲ್ಕು ಹದಿನೈದು ಜನ. ಡಬಲ್ ಶಿಫ್ಟ್ ಅಂದ್ರೆ ಏನು ಅಂತ ನಮಗೆ ಗೊತ್ತಲ್ಲ. ಅಷ್ಟಾಗಿಯೂ ಲೀಗ್‌ನಲ್ಲಿ ಕೊನೆವರೆಗೂ ಪೈಪೋಟಿ ಕೊಟ್ಟು ಮತ್ತೆ ಎರಡನೇ ಸ್ಥಾನ ಪಡೆದರು. ಆ ವರ್ಷ ಚಾಂಪಿಯನ್ ಆದದ್ದು ಕ್ಲಬ್ ಬ್ರೂಗ್. ಆ ಕ್ಲಬ್ ಕೂಡ ಅದೇ ಸೀಸನ್‌ನಲ್ಲಿ ಯುಇಎಫ್‌ಎ ಕಪ್ ಸೆಮಿಫೈನಲ್‌ವರೆಗೂ ಹೋಗಿ ಸ್ಪೇನಿನ ಎಸ್ಪಾನ್ಯೋಲ್‌ಗೆ ಸೋತಿತು. ಬೆಲ್ಜಿಯನ್ ಕ್ಲಬ್ಬುಗಳಿಗೆ ಅಂಥ ಕಾಲ ಮತ್ತೆ ಬರಲಿಲ್ಲ.

ಸೆಮಿಫೈನಲ್‌ಗೆ ಸಿಕ್ಕಿದ್ದು ಇಟಲಿಯ ಬೆರ್ಗಾಮೊ ನಗರದ ಅಟಲಾಂಟಾ. ತಮಾಷೆ ಅಂದ್ರೆ ಅಟಲಾಂಟಾ ಆ ವರ್ಷ ಇಟಲಿಯ ಎರಡನೇ ದರ್ಜೆಯಲ್ಲಿ ಆಡುತ್ತಿತ್ತು. ಹಿಂದಿನ ವರ್ಷ ಮರಡೋನಾನ ನಾಪೋಲಿ ಲೀಗ್, ಕಪ್ ಎರಡನ್ನೂ ಗೆದ್ದಿತ್ತು. ಹಾಗಾಗಿ ಕಪ್ ಫೈನಲ್‌ನಲ್ಲಿ ಸೋತ ಅಟಲಾಂಟಾಗೆ ಈ ಅವಕಾಶ ಬಂದಿತ್ತು. ಮೆಕೆಲೆನ್‌ನಲ್ಲಿ ಏಪ್ರಿಲ್ 6ರಂದು ಮೊದಲ ಪಂದ್ಯ. ಓಹಾನಾ ಏಳನೇ ನಿಮಿಷಕ್ಕೆ ಗೋಲು ಹೊಡೆದರು, ಮರುನಿಮಿಷದಲ್ಲೇ ಸ್ವೀಡನ್ನಿನ ಸ್ಟ್ರೋಂಬರ್ಗ್ ಸಮ ಮಾಡಿದರು. ಕೊನೆ ಕೊನೆಗೆ ಡೆನ್ ಬೋರ್ ಗೋಲಿನಿಂದ 2-1. ಆದ್ರೆ ಎದುರಾಳಿ ಊರಲ್ಲಿ ಹೊಡೆದ ಗೋಲಿಗೆ ಆಗ ಹೆಚ್ಚು ಬೆಲೆ. ಬೆರ್ಗಾಮೊದಲ್ಲಿ ಅಟಲಾಂಟಾ ಬರೀ 1-0 ಗೆದ್ದರೂ ಸಾಕಿತ್ತು. ಏಪ್ರಿಲ್ 20ರಂದು ಅಲ್ಲಿ ಆದದ್ದೂ ಹಾಗೇ. ಮೊದಲರ್ಧದಲ್ಲಿ ಗಾರ್ಲಿನಿ ಪೆನಾಲ್ಟಿಯಲ್ಲಿ ಗೋಲು, 1-0. ಆ ಹೊತ್ತಿಗೆ ಮೆಕೆಲೆನ್ ಹೊರಗೆ. ದ್ವಿತೀಯಾರ್ಧದಲ್ಲಿ ಡಿಫೆಂಡರ್ ರುಟ್ಜೆಸ್ ಮುಂದೆ ಬಂದು ಗೋಲು ಹೊಡೆದರು. ಇನ್ನು ಸುಮಾರು ಹತ್ತು ನಿಮಿಷ ಇದೆ ಅನ್ನುವಾಗ ಎಮ್ಮರ್ಸ್ ಎರಡನೆಯದು. ಅಲ್ಲೂ 2-1. ಇಡೀ ಸೀಸನ್‌ನಲ್ಲಿ ನನಗೆ ತುಂಬ ಇಷ್ಟವಾದ ಪಂದ್ಯ ಇದೇ, ಫೈನಲ್ ಅಲ್ಲ. ಹಿಂದೆ ಬಿದ್ದಾಗ ಆ ತಂಡ ಹೇಗಿರುತ್ತೆ ಅನ್ನೋದು ಕಂಡದ್ದು ಆ ಒಂದು ರಾತ್ರಿ.

ಫೈನಲ್ 1988ರ ಮೇ 11, ಬುಧವಾರ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಮೈನೌ ಸ್ಟೇಡಿಯಂನಲ್ಲಿ. ಎದುರಿಗೆ ಯಾರು? ಅಯಾಕ್ಸ್. ಡಿ ಮೋಸ್ ಅವರನ್ನು ಹೊರಗೆ ಹಾಕಿದ್ದ ಅದೇ ಕ್ಲಬ್, ಹಿಂದಿನ ವರ್ಷ ಇದೇ ಕಪ್ ಗೆದ್ದವರು. ಆದ್ರೆ ಅವರ ಮನೆಯೂ ಸರಿ ಇರಲಿಲ್ಲ. ವಾನ್ ಬಾಸ್ಟನ್ ಮಿಲಾನ್‌ಗೆ ಹೋಗಿಯಾಗಿತ್ತು, ರೈಕಾರ್ಡ್ ಕೋಚ್ ಜೊತೆ ಜಗಳ ಮಾಡಿಕೊಂಡು ಬಿಟ್ಟಿದ್ದರು, ಆ ಕೋಚ್ ಯೊಹಾನ್ ಕ್ರಾಯಫ್ ಕೂಡ ಜನವರಿಯಲ್ಲಿ ಕೆಲಸ ಬಿಟ್ಟಿದ್ದರು. ಹದಿನಾರನೇ ನಿಮಿಷದಲ್ಲೇ ಪಂದ್ಯ ತಿರುಗಿತು. ಗೋಲಿನತ್ತ ನುಗ್ಗುತ್ತಿದ್ದ ಎಮ್ಮರ್ಸ್‌ರನ್ನು ಡ್ಯಾನಿ ಬ್ಲಿಂಡ್ ಬೀಳಿಸಿದರು, ಪಶ್ಚಿಮ ಜರ್ಮನಿಯ ರೆಫರಿ ಪೌಲಿ ಕೆಂಪು ಕಾರ್ಡ್ ತೋರಿಸಿದರು. ಅಯಾಕ್ಸ್ ಹತ್ತು ಜನ. ಆದ್ರೂ ಮೊದಲರ್ಧ ಗೋಲಿಲ್ಲ. 53ನೇ ನಿಮಿಷ, ಓಹಾನಾ ಎಡಗಡೆಯಿಂದ ತಪ್ಪಿಸಿಕೊಂಡು ಹೋಗಿ ಚೆಂಡನ್ನು ಗೋಲಿನ ಮುಂದೆ ಎತ್ತಿ ಹಾಕಿದರು, ಡೆನ್ ಬೋರ್ ತಲೆ ಕೊಟ್ಟರು. ಅಷ್ಟೇ, 1-0. ಬೆರ್ಗ್‌ಕ್ಯಾಂಪ್ ಅನ್ನೋ ಹುಡುಗನನ್ನು ಅಯಾಕ್ಸ್ ಸಬ್ಸ್ಟಿಟ್ಯೂಟ್ ಆಗಿ ಇಳಿಸಿತು, ಹಿಂದಿನ ದಿನವಷ್ಟೇ ಹತ್ತೊಂಬತ್ತು ತುಂಬಿತ್ತು ಅವನಿಗೆ. ಏನೂ ಆಗಲಿಲ್ಲ. ಒಂಬತ್ತು ಪಂದ್ಯ, ಏಳು ಗೆಲುವು, ಎರಡು ಡ್ರಾ, ಸೋಲು ಸೊನ್ನೆ. ಬಿಟ್ಟುಕೊಟ್ಟ ಗೋಲು ಒಟ್ಟು ಮೂರು.

ಮೊದಲ ಪ್ರಯತ್ನದಲ್ಲೇ ಕಪ್ ಅನ್ನೋದು ಎಷ್ಟು ಕಷ್ಟ ಅಂತ ನಮ್ಮ ಬೆಂಗಳೂರಿನವರನ್ನು ಕೇಳಬೇಕು. ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಬಂದಾಗ, ಅಲ್ಲಿಗೆ ಬಂದ ಮೊದಲ ಭಾರತೀಯ ಕ್ಲಬ್ ಅದು, ಪಂದ್ಯ ನಡೆದದ್ದು ಇಲ್ಲೇ ದೋಹಾದಲ್ಲಿ, ನವೆಂಬರ್ 5ರ ಶನಿವಾರ. ಡ್ಯೂಟಿ ಬದಲಾಯಿಸಿಕೊಂಡು ಹೋದವರು ನಮ್ಮಲ್ಲೂ ಇದ್ದಾರೆ. ಇರಾಕಿನ ಏರ್‌ಫೋರ್ಸ್ ಕ್ಲಬ್ 1-0ಯಿಂದ ಗೆದ್ದಿತು. ಅಂತರ ಒಂದೇ ಗೋಲು, ಆದ್ರೆ ಕಪ್ ಹೋದದ್ದು ಬಾಗ್ದಾದಿಗೆ.

ಮೆಕೆಲೆನ್ ಅಲ್ಲಿಗೆ ನಿಲ್ಲಲಿಲ್ಲ. 1989ರ ಆರಂಭದಲ್ಲಿ ಆಡಿದ ಸೂಪರ್ ಕಪ್‌ನಲ್ಲಿ ಯುರೋಪಿಯನ್ ಕಪ್ ಗೆದ್ದಿದ್ದ ಪಿಎಸ್‌ವಿಯನ್ನು ತವರಲ್ಲಿ 3-0 ಸೋಲಿಸಿ, ಅಲ್ಲಿ 0-1 ಸೋತು, ಒಟ್ಟಿನಲ್ಲಿ ಗೆದ್ದರು. ಆ ಪಂದ್ಯದಲ್ಲಿ ಅಣ್ಣ ಎರ್ವಿನ್ ಈ ಕಡೆ, ತಮ್ಮ ರೊನಾಲ್ಡ್ ಕೂಮನ್ ಪಿಎಸ್‌ವಿ ಕ್ಲಬ್ಬಿನಲ್ಲಿ. 1988ರ ಒಂದೇ ಬೇಸಿಗೆಯಲ್ಲಿ ಅಣ್ಣ ಕಪ್ ವಿನ್ನರ್ಸ್ ಕಪ್, ತಮ್ಮ ಯುರೋಪಿಯನ್ ಕಪ್, ಇಬ್ಬರೂ ಸೇರಿ ಹಾಲೆಂಡ್‌ಗೆ ಯೂರೊ ಕಪ್! 1989ರಲ್ಲಿ ಮೆಕೆಲೆನ್ ಲೀಗ್ ಕೂಡ ಗೆದ್ದಿತು. ಮರುವರ್ಷ ಯುರೋಪಿಯನ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ವಾನ್ ಬಾಸ್ಟನ್‌ನ ಮಿಲಾನ್ ಅವರನ್ನು ಸೋಲಿಸಲು ಹೆಚ್ಚುವರಿ ಸಮಯ ಬೇಕಾಯಿತು.

ಇಲ್ಲಿ ಒಂದು ಹೆಸರಿನ ಗೊಂದಲ ಬಿಡಿಸಬೇಕು. ಸೂಪರ್ ಕಪ್ ಹೊತ್ತಿಗೆ ಮೆಕೆಲೆನ್‌ಗೆ ಜಾನ್ ಬೋಸ್ಮನ್ ಅನ್ನೋ ಸ್ಟ್ರೈಕರ್ ಬಂದಿದ್ದರು. ಸ್ಟ್ರಾಸ್‌ಬರ್ಗ್ ಫೈನಲ್‌ನಲ್ಲಿ ಅಯಾಕ್ಸ್ ಪರ ಆಡಿದವರೇ ಇವರು. 'ಬೋಸ್ಮನ್ ತೀರ್ಪು' ಅಂತ ಕೇಳಿರುತ್ತೀರಲ್ಲ, ಆ ಬೋಸ್ಮನ್ ಇವರಲ್ಲ. ಅವರು ಜ್ಯಾನ್-ಮಾರ್ಕ್ ಬೋಸ್ಮನ್, 1987ರ ಬೆಲ್ಜಿಯನ್ ಕಪ್ ಫೈನಲ್‌ನಲ್ಲಿ ಮೆಕೆಲೆನ್‌ಗೆ ಸೋತ ಆ ಆರ್‌ಎಫ್‌ಸಿ ಲಿಯೇಜ್ ಕ್ಲಬ್ಬಿಗೆ 1988ರಲ್ಲಿ ಸೇರಿದವರು. 1990ರ ಜೂನ್‌ಗೆ ಅವರ ಕಾಂಟ್ರ್ಯಾಕ್ಟ್ ಮುಗಿಯಿತು. ತಿಂಗಳಿಗೆ 1,20,000 ಬೆಲ್ಜಿಯನ್ ಫ್ರಾಂಕ್ ಬರುತ್ತಿದ್ದವರಿಗೆ ಹೊಸ ಕಾಂಟ್ರ್ಯಾಕ್ಟ್‌ನಲ್ಲಿ 30,000 ಕೊಡ್ತೀವಿ ಅಂದರು. ಅವರು ಸಹಿ ಹಾಕಲಿಲ್ಲ. ಫ್ರಾನ್ಸಿನ ಡಂಕರ್ಕ್ ಕ್ಲಬ್ ಕರೆಯಿತು. ಆದ್ರೆ ಆ ಕ್ಲಬ್ಬಿಗೆ ದುಡ್ಡು ಕೊಡುವ ತಾಕತ್ತು ಇದೆಯೋ ಇಲ್ಲವೋ ಅಂತ ಲಿಯೇಜ್‌ಗೆ ಅನುಮಾನ ಬಂತು, ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಕಳಿಸಲು ಫೆಡರೇಷನ್ನಿಗೆ ಹೇಳಲೇ ಇಲ್ಲ. ಕಾಂಟ್ರ್ಯಾಕ್ಟ್ ಮುಗಿದ ಮನುಷ್ಯ, ಆದ್ರೂ ಒಂದು ಕಾಗದ ಇಲ್ಲದೆ ಬೇರೆ ಕಡೆ ಕೆಲಸ ಮಾಡೋ ಹಾಗಿಲ್ಲ.

ಇದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎನ್‌ಒಸಿ, ರಿಲೀಸ್ ಅನ್ನೋ ಪದಗಳು ನಮಗೆ ಅನ್ನ-ಸಾರಿನಷ್ಟೇ ಪರಿಚಿತ. ಕತಾರ್ 2020ರಲ್ಲಿ ಎನ್‌ಒಸಿ ನಿಯಮ ತೆಗೆದುಹಾಕಿದಾಗ ಕ್ಯಾಂಪುಗಳಲ್ಲಿ ಎಷ್ಟು ರಾತ್ರಿ ಅದರದೇ ಮಾತು ನಡೆದಿತ್ತು ಅನ್ನೋದು ನೆನಪಿದೆ. ಬೋಸ್ಮನ್ ಐದು ವರ್ಷ ಕೋರ್ಟಿಗೆ ಅಲೆದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಹೇಳಿತು: ಫುಟ್‌ಬಾಲ್ ಆಟಗಾರನೂ ಒಬ್ಬ ಕೆಲಸಗಾರ, ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಅವನು ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಲು ದುಡ್ಡು ಕೇಳುವ ಹಾಗಿಲ್ಲ, ಒಕ್ಕೂಟದ ಬೇರೆ ದೇಶದವರು ಇಷ್ಟೇ ಜನ ಇರಬೇಕು ಅಂತ ಮಿತಿ ಹಾಕುವ ಹಾಗೂ ಇಲ್ಲ. ತೀರ್ಪು ಬರುವ ಹೊತ್ತಿಗೆ ಅವರ ಆಟದ ವಯಸ್ಸೇ ಮುಗಿದುಹೋಗಿತ್ತು. ಲಾಭ ಆದದ್ದು ಅವರ ನಂತರ ಬಂದವರಿಗೆ.

ನಾನು ಬೋಸ್ಮನ್ ಪರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ತೀರ್ಪಿನ ಮೇಲೆ ಮೆಕೆಲೆನ್‌ನಂಥ ಊರಿಗೆ 1988ರ ಹಾಗೆ ಮತ್ತೆ ತಂಡ ಕಟ್ಟೋದು ಇನ್ನೂ ಕಷ್ಟವಾಯಿತು ಅನ್ನೋದೂ ಸತ್ಯ. ಇಂಗ್ಲೆಂಡ್, ಸ್ಪೇನ್, ಇಟಲಿ ಕ್ಲಬ್ಬುಗಳಿಗೆ ಟಿವಿ ದುಡ್ಡು ಹರಿದುಬಂತು, ಒಳ್ಳೆಯ ಆಟಗಾರರು ಅತ್ತ ಹೋದರು. ಹೋಗೋದು ಅವರ ಹಕ್ಕು. ಕೆಲಸಗಾರನಿಗೆ ಒಳ್ಳೆಯದಾದದ್ದು ಸಣ್ಣ ಊರಿನ ಕ್ಲಬ್ಬಿಗೆ ಒಳ್ಳೆಯದಾಗಲಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದ್ರೆ ಮೆಕೆಲೆನ್ ಬಿದ್ದದ್ದಕ್ಕೆ ಬೋಸ್ಮನ್ ಮೇಲೆ ಗೂಬೆ ಕೂರಿಸೋದು ತಪ್ಪು. ಅದು ಮುಂಚೆಯೇ ಶುರುವಾಗಿತ್ತು. ಡಿ ಮೋಸ್ 1989ರಲ್ಲೇ ಆಂಡರ್‌ಲೆಕ್ಟ್‌ಗೆ ಹೋದರು, ಮರುವರ್ಷ ರುಟ್ಜೆಸ್ ಕೂಡ ಅಲ್ಲಿಗೇ. ಕೂಮನ್ ಪಿಎಸ್‌ವಿಗೆ. ತೊಂಬತ್ತರ ದಶಕದ ಮೊದಲಲ್ಲಿ ಕಾರ್ಡಿಯರ್ ಕೈಬಿಟ್ಟರು, ಉಳಿದ ಒಳ್ಳೆಯ ಆಟಗಾರರೂ ಒಬ್ಬೊಬ್ಬರಾಗಿ ಮಾರಾಟವಾದರು. ವೈರಿಂಗ್ ಕೆಲಸದವನಾಗಿ ನನಗೆ ಕಾಣೋದು ಹೀಗೆ: ಇಡೀ ಬಿಲ್ಡಿಂಗಿಗೆ ಒಂದೇ ಫೀಡರ್ ಕೊಟ್ಟಿದ್ದರು, ಸ್ಟ್ಯಾಂಡ್‌ಬೈ ಇರಲಿಲ್ಲ. ಅದು ಟ್ರಿಪ್ ಆದ ದಿನ ಎಲ್ಲ ಮಹಡಿಯೂ ಕತ್ತಲೆ. 1997ರಲ್ಲಿ ಕೆಳಗಿನ ದರ್ಜೆಗೆ ಇಳಿದರು. ಮಧ್ಯೆ ಮೇಲೆ ಬಂದರೂ 2002-03ರಲ್ಲಿ ಸಾಲದಲ್ಲಿ ಮುಳುಗಿ ಕ್ಲಬ್ ಸಮಾಪನೆಗೆ ಹೋಯಿತು.

ಬೆಲ್ಜಿಯಂನಲ್ಲಿ ಪ್ರತಿ ಕ್ಲಬ್ಬಿಗೂ ಫೆಡರೇಷನ್ನಿನ ಒಂದು ನೋಂದಣಿ ಸಂಖ್ಯೆ ಇರುತ್ತೆ. ಆಂಟ್‌ವರ್ಪ್ 1, ಬ್ರೂಗ್ 3, ಮೆಕೆಲೆನ್ 25. ಕ್ಲಬ್ ಪೂರ್ತಿ ಮುಳುಗಿದರೆ ಸಂಖ್ಯೆ ರದ್ದು. ಹೊಸ ಹೆಸರಲ್ಲಿ ಮತ್ತೆ ಶುರು ಮಾಡಿದರೂ ಹಳೇ ಕಪ್, ಹಳೇ ದಾಖಲೆ ಯಾವುದೂ ನಿಮ್ಮದಲ್ಲ. ಈ ಸಂಖ್ಯೆ ಉಳಿಸಲು ಬೀದಿಗೆ ಇಳಿದವರು ಅಭಿಮಾನಿಗಳು. ದುಡ್ಡು ಕೂಡಿಸಿದರು, ಸಾಲಗಾರರ ಜೊತೆ ಮಾತುಕತೆ ಆಯಿತು, 25 ಉಳಿಯಿತು. ಮೂರನೇ ದರ್ಜೆಗೆ ಇಳಿಸಿದರು. ಯುರೋಪ್ ಚಾಂಪಿಯನ್ ಆಗಿದ್ದ ಕ್ಲಬ್ ಸಣ್ಣಪುಟ್ಟ ಊರುಗಳ ಮೈದಾನಕ್ಕೆ ಹೋಗಿ ಆಡಿತು, ಹಿಂದೆ ಹಿಂದೆಯೇ ಹಳದಿ-ಕೆಂಪು ಬಾವುಟ ಹಿಡಿದು ಸಾವಿರಾರು ಜನ. 2007ಕ್ಕೆ ಮತ್ತೆ ಮೊದಲ ದರ್ಜೆಗೆ ಬಂದರು. 2018ರಲ್ಲಿ ಮತ್ತೆ ಇಳಿದರು. 2019ರ ಮೇ 1ರಂದು, ಕಾರ್ಮಿಕರ ದಿನ, ಹಳೇ ಹೈಸೆಲ್ ಇದ್ದ ಜಾಗದ ಕಿಂಗ್ ಬೌಡ್ವಾಂ ಸ್ಟೇಡಿಯಂನಲ್ಲಿ ಗೆಂಟ್ ಕ್ಲಬ್ಬನ್ನು 2-1 ಸೋಲಿಸಿ ಬೆಲ್ಜಿಯನ್ ಕಪ್ ಎತ್ತಿದರು. ಎರಡನೇ ದರ್ಜೆಯ ತಂಡವಾಗಿದ್ದೇ ಆ ಕಪ್ ಗೆದ್ದರು. ಆದ್ರೆ 2018ರ ಒಂದು ಪಂದ್ಯದ ಮ್ಯಾಚ್‌ಫಿಕ್ಸಿಂಗ್ ಪ್ರಕರಣದಲ್ಲಿ ಶಿಕ್ಷೆಯಾಗಿ, ಕಪ್ ಗೆದ್ದರೂ ಆ ವರ್ಷ ಯುರೋಪಿಗೆ ಹೋಗಲು ಬಿಡಲಿಲ್ಲ. ಅವರ ಬದಲು ಬೇರೆಯವರು ಹೋದರು.